ಹುಣಸೆಹಣ್ಣು ಹಚ್ಚಿ ತಿಕ್ಕಿದ ನಾಣ್ಯ

ಎಲ್ಲರೂ ಕೂತಿರಾ? ಹಿಂದೆ ಗುಡಿಯ ಕಂಬಕ್ಕೆ ಒರಗಿದವರೇ, ಸ್ವಲ್ಪ ಮುಂದೆ ಬನ್ನಿ. ನಿದ್ದೆ ಬಂದರೆ ಮನೆಗೆ ಹೋಗಿ ಮಲಗಿ, ನನಗೇನೂ ಬೇಸರವಿಲ್ಲ. ಆದರೆ ಇವತ್ತಿನ ಮಾತನ್ನು ಅರ್ಧ ಕೇಳಿ ಎದ್ದು ಹೋಗಬೇಡಿ. ನಿನ್ನೆ ನಗಿಸಿದೆ, ಮೊನ್ನೆ ನಗಿಸಿದೆ. ಇವತ್ತು ನಗಿಸುವುದಿಲ್ಲ. ಇವತ್ತು ಹೆದರಿಕೆಯ ವಿಷಯ.

ಹೆದರಿಕೆ ಎಂದ ಕೂಡಲೇ ನಿಮಗೆ ಹಾವು ನೆನಪಾಗುತ್ತದೆ, ಕಳ್ಳ ನೆನಪಾಗುತ್ತಾನೆ, ಕೋರ್ಟಿನ ಮೆಟ್ಟಿಲು ನೆನಪಾಗುತ್ತದೆ. ಅದಲ್ಲ ನೋಡಿ. ನಾನು ಹೇಳುವುದು ಹೊಸ್ತಿಲ ಒಳಗಿನ ಹೆದರಿಕೆ. ಒಲೆಯ ಮುಂದೆ ಇರುತ್ತದೆ, ಊಟದ ತಾಟಿನ ಮುಂದೆ ಇರುತ್ತದೆ, ಹೊರಗಿನವರಿಗೆ ಕಾಣುವುದೇ ಇಲ್ಲ. ಅಂಥ ಒಂದು ಮನೆಯ ಕಥೆ ಹೇಳುತ್ತೇನೆ.

ಒಂದು ಪೇಟೆಯ ಊರು ಅಂದುಕೊಳ್ಳಿ. ಅಲ್ಲಿ ದೊಡ್ಡ ಬಟ್ಟೆ ಅಂಗಡಿಯ ಸಾಹುಕಾರ. ಹೆಸರು ಕೇಳಬೇಡಿ, ಹೇಳುವುದಿಲ್ಲ. ಹೆಸರು ಹೇಳಿದೆ ಅಂದರೆ ನೀವು ‘ಓಹೋ, ಅವರ ಮನೆಯ ಮಾತು’ ಎಂದು ಕಾಲು ಚಾಚಿ ಹಗುರಾಗುತ್ತೀರಿ. ಹಗುರಾಗುವುದು ಬೇಡ. ಸಾಹುಕಾರ, ಅವನ ಹೆಂಡತಿ, ಮಗ, ಸೊಸೆ, ಅಂಬೆಗಾಲಿಡುವ ಒಂದು ಕೂಸು. ಇಷ್ಟೇ ಜನ.

ಈ ಸಾಹುಕಾರನಿಗೆ ಕುಡಿಯುವ ಚಟವಿಲ್ಲ, ಇಸ್ಪೀಟಿನ ಚಟವಿಲ್ಲ. ಇದ್ದದ್ದು ಒಂದೇ ಹುಚ್ಚು, ಹಳೆಯ ನಾಣ್ಯ ಕೂಡಿಡುವುದು. ಒಂದು ಕಪಾಟಿನ ತುಂಬ ನಾಣ್ಯ. ಒಂದೊಂದಕ್ಕೂ ಒಂದೊಂದು ಕಾಗದದ ಪಾಕೀಟು. ಭಾನುವಾರ ಬೆಳಿಗ್ಗೆ ಅವನ ಪಡಸಾಲೆಯಲ್ಲಿ ಜನವೋ ಜನ. ಹೊಲದಲ್ಲಿ ಸಿಕ್ಕಿದ್ದು, ಅಜ್ಜಿಯ ಗಂಟಿನಲ್ಲಿದ್ದದ್ದು, ಯಾರೋ ಮಾರಿದ್ದು, ಎಲ್ಲ ತಂದು ತೋರಿಸುವವರು. ಅವನು ತಿಳಿದವನು, ಸುಳ್ಳಲ್ಲ. ಬಂದವರನ್ನು ಮಗ್ಗಿ ತಪ್ಪಿದ ಮಕ್ಕಳ ಹಾಗೆ ಬಯ್ಯುತ್ತಿದ್ದ.

“ಅಂಚು ಹಿಡಿಯೋ, ಅಂಚು ಹಿಡಿ! ಮುಖಕ್ಕ ಬೆರಳ ಹಚ್ಚಬ್ಯಾಡ. ನಿನ್ನ ಬೆವರು ಅದನ್ನ ತಿಂತೈತಿ.”

ಯಾರಾದರೂ ಫಳಫಳ ಹೊಳೆಯುವ ಹಳೆಯ ನಾಣ್ಯ ತಂದರೆ ಮುಗಿಯಿತು. “ಯಾವ ಪುಣ್ಯಾತ್ಮ ತಿಕ್ಕ್ಯಾನ ಇದನ್ನ? ಆ ಕರಿ ಬಣ್ಣ ಹೊಲಸು ಅಂತ ತಿಳದೇನು? ಅದು ಅದರ ವಯಸ್ಸು. ವಯಸ್ಸನ್ನ ತಿಕ್ಕಿ ತಗದಮ್ಯಾಲೆ ಇನ್ನೇನ ಉಳೀತು? ಒಯ್ಯಿ, ಮಕ್ಕಳಿಗೆ ಆಡಾಕ ಕೊಡು!”

ಕೊಳ್ಳಲು ಹೊರಟವರಿಗೆ ಬೇರೆ ಪಾಠ. “ಮೊದಲು ತೂಕ ಮಾಡು. ಆಮ್ಯಾಲೆ ಅಂಚು ನೋಡು. ಅಚ್ಚಿಟ್ಟು ಸುತ್ತಿಗಿಲೆ ಹೊಡದ ನಾಣ್ಯ ಬ್ಯಾರೆ, ಎರಕ ಹೊಯ್ದ ಖೋಟಾ ಬ್ಯಾರೆ. ಮಾರಾಂವ ಲಗೂ ಮಾಡು ಲಗೂ ಮಾಡು ಅಂದ್ರ, ತಿರುಗಿ ನೋಡದ ಎದ್ದು ಬಾ.”

ಎಷ್ಟು ಚೆಂದದ ಬುದ್ಧಿಮಾತು ನೋಡಿ! ಒಂದಾದರೂ ತಪ್ಪಿದೆಯೇ? ಒಂದೂ ಇಲ್ಲ. ಎಲ್ಲ ಖರೆ. ನಾವೂ ಹಾಗೆಯೇ ಅಲ್ಲವೇ? ಪಕ್ಕದ ಮನೆಯವರಿಗೆ ಹೇಳುವಾಗ ನಮ್ಮ ಬಾಯಲ್ಲಿ ತಪ್ಪು ಮಾತು ಬರುವುದೇ ಇಲ್ಲ.

ಒಂದು ಸಂತೆಯ ದಿನ ಅವನ ಅಂಗಡಿಗೆ ಹೆಗಲಚೀಲದವನೊಬ್ಬ ಬಂದ. ಚೀಲದಿಂದ ಒಂದು ತಾಮ್ರದ ನಾಣ್ಯ ತೆಗೆದ. ಒಂದು ಮಗ್ಗುಲಲ್ಲಿ ಕುದುರೆ, ಇನ್ನೊಂದು ಮಗ್ಗುಲಲ್ಲಿ ಚಂದ್ರ. ಆ ಸೀಮೆಯನ್ನು ಸ್ವಲ್ಪ ಕಾಲ ಆಳಿ ಹೋದ ಒಬ್ಬ ಪಾಳೆಯಗಾರ ಹೊಡೆಸಿದ್ದು ಎಂದ. ಅಂಥದ್ದು ಇದೆ ಎಂದು ಸಾಹುಕಾರ ಕೇಳಿದ್ದ, ಕಣ್ಣಲ್ಲಿ ಕಂಡಿರಲಿಲ್ಲ. ಮೈತುಂಬ ಕಪ್ಪು ಬಣ್ಣ, ಅದರ ಮೇಲೆ ಅಲ್ಲಲ್ಲಿ ಹಸಿರು ಕಿಲುಬು. ಸಾಹುಕಾರ ಗಾದಿಯಿಂದ ಮುಂದೆ ಬಾಗಿದ.

“ಬೇಕಂದ್ರ ಈಗ ಹೇಳ್ರಿ ಸಾಹುಕಾರ್ರ. ಬಸ್‌ಸ್ಟ್ಯಾಂಡಿನ್ಯಾಗ ಇನ್ನೊಬ್ರು ಕಾಯಾಕತ್ತಾರ” ಎಂದ ಚೀಲದವನು.

ತಕ್ಕಡಿ ಎಲ್ಲಿತ್ತು? ಅಲ್ಲೇ ಇತ್ತು, ಕೈಗೆಟುಕುವ ಖಾನೆಯಲ್ಲಿ. ಭೂತಗನ್ನಡಿ ಎಲ್ಲಿತ್ತು? ಜೇಬಿನಲ್ಲಿತ್ತು. ತೂಗಿದನೇ? ತೂಗಲಿಲ್ಲ. ಅಂಚು ನೋಡಿದನೇ? ನೋಡಲಿಲ್ಲ. ಯಾಕೆ? ತೂಗಿದರೆ ಗೊತ್ತಾಗಿಬಿಡುತ್ತದಲ್ಲ! ಗೊತ್ತಾಗುವುದು ಅವನಿಗೆ ಬೇಡವಾಗಿತ್ತು. ಆ ನಾಣ್ಯ ಬೇಕಾಗಿತ್ತು. ಬೆಲೆ ಕೊಟ್ಟ, ತೆಗೆದುಕೊಂಡ, ಚೀಲದವನು ಹೋದ.

ಸುದ್ದಿ ಊರೆಲ್ಲ ಹಬ್ಬಿತು. ಪೇಪರಿನವರು ಬಂದು ಫೋಟೋ ಹೊಡೆದರು. ಶಾಲು ಹೊದಿಸಿದರು, ಹಾರ ಹಾಕಿದರು. ದೀಪಾವಳಿ ಮುಗಿದ ಮೇಲೆ ಜಿಲ್ಲೆಯಿಂದ ಒಬ್ಬ ಪಂಡಿತರು ಬಂದು ನಾಣ್ಯ ನೋಡುವುದು ಎಂದಾಯಿತು. ಅವರು ಹೌದೆಂದರೆ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಆ ನಾಣ್ಯ, ಕೆಳಗೆ ಸಾಹುಕಾರನ ಹೆಸರು. ಮನೆಯಲ್ಲಿ ಒಂದೇ ಅಪ್ಪಣೆ, ಆ ನಾಣ್ಯ ಇಟ್ಟ ಕಪಾಟಿನ ಹತ್ತಿರ ಯಾರೂ ಸುಳಿಯಬಾರದು. ಮಗ ಆ ಕೋಣೆಯ ಮುಂದೆ ಹಾಯುವಾಗ ಚಪ್ಪಲಿಯ ಸಪ್ಪಳವನ್ನೂ ಕಡಿಮೆ ಮಾಡುತ್ತಿದ್ದ. ಅಷ್ಟು ಅಂಜಿಕೆ ಆ ಮನೆಯಲ್ಲಿ, ಸಾಹುಕಾರನದ್ದು.

ಅಮಾವಾಸ್ಯೆ ಬಂತು. ಅಂಗಡಿಕಾರರಿಗೆ ಲಕ್ಷ್ಮೀಪೂಜೆ ಎಂದರೆ ನಿಮಗೆ ಹೇಳಬೇಕೇ? ಸಾಹುಕಾರನೇ ಕಪಾಟು ತೆರೆದು, ಪಾಕೀಟಿನಿಂದ ನಾಣ್ಯ ತೆಗೆದು, ಪೂಜೆಯ ತಟ್ಟೆಯಲ್ಲಿಟ್ಟು ಅಂಗಡಿಗೆ ಹೋದ. ಅದೇ ತಟ್ಟೆಯಲ್ಲಿ ತಾಮ್ರದ ತಂಬಿಗೆ, ಪಂಚಪಾತ್ರೆ, ಉದ್ಧರಣೆ ಎಲ್ಲ ಇದ್ದವು. ಅತ್ತೆ ಸೊಸೆಗೆ ಕೂಗಿ ಹೇಳಿದಳು, “ತಟ್ಟ್ಯಾಗಿನ ತಾಮ್ರದ್ದು ಒಂದೂ ಬಿಡದಂಗ ತಿಕ್ಕಿಡವ್ವಾ. ಅಮಾಸಿ ಪೂಜಿಗೆ ಕಿಲುಬು ಇದ್ರ ಮನಿಗೆ ಒಳ್ಳೇದಲ್ಲ.”

ತಾಯಂದಿರೇ, ನೀವೇ ಹೇಳಿ. ಕಿಲುಬು ಹಿಡಿದ ತಾಮ್ರ ಕಂಡರೆ ನಿಮ್ಮ ಕೈ ಸುಮ್ಮನಿರುತ್ತದೆಯೇ? ತವರಿನಲ್ಲಿ ಅವ್ವ ಏನು ಕಲಿಸಿರುತ್ತಾಳೆ? ಕಿಲುಬು ಅಂದರೆ ವಿಷ, ಹಬ್ಬಕ್ಕೆ ಮುಂಚೆ ಹುಣಸೆಹಣ್ಣು ಹಚ್ಚು, ಬೂದಿ ಹಾಕು, ತಿಕ್ಕು. ಆ ಹುಡುಗಿಗೆ ನಾಣ್ಯದ ಶಾಸ್ತ್ರ ಯಾರೂ ಹೇಳಿರಲಿಲ್ಲ. ಆ ಕೋಣೆಗೇ ಸೊಸೆಯನ್ನು ಬಿಟ್ಟುಕೊಂಡಿರಲಿಲ್ಲವಲ್ಲ! ತಂಬಿಗೆ ತಿಕ್ಕಿದಳು, ಪಂಚಪಾತ್ರೆ ತಿಕ್ಕಿದಳು. ಮಾವನಿಗೆ ಜೀವಕ್ಕಿಂತ ಹೆಚ್ಚಿನ ನಾಣ್ಯ ಇದು ಎಂದು, ಇದನ್ನು ಎಲ್ಲಕ್ಕಿಂತ ಜಾಸ್ತಿ ಹೊತ್ತು, ಮನಸ್ಸಿಟ್ಟು ತಿಕ್ಕಿದಳು.

ಮಧ್ಯಾಹ್ನ ಮಾವ ಬಂದ. ಸೊಸೆ ತಾನೇ ತಟ್ಟೆ ಹಿಡಿದುಕೊಂಡು ಬಂದಳು, ಮುಖದ ತುಂಬ ನಗು.

“ಮಾವಾರ, ನೋಡ್ರಿ ನಿಮ್ಮ ನಾಣ್ಯ ಹೆಂಗ ಹೊಳೀತೈತಿ!”

ಸಾಹುಕಾರ ನಾಣ್ಯ ಕಸಿದುಕೊಂಡ. ಕಿಟಕಿಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ನಿಂತು, ಭೂತಗನ್ನಡಿ ಹಿಡಿದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮಗ ಜಂತಿ ನೋಡುತ್ತ ನಿಂತ.

ಅವನಿಗೆ ಏನು ಕಂಡಿತು? ಕೇಳಿ. ಕಪ್ಪು ಬಣ್ಣ ಹೋದ ಮೇಲೆ, ಕುದುರೆಯ ಹೊಟ್ಟೆಯ ಮೇಲೆ ಸಣ್ಣ ಸಣ್ಣ ತೂತು ಕಂಡವು, ದೋಸೆಯ ಮೇಲೆ ಏಳುತ್ತವಲ್ಲ, ಹಾಗೆ. ಸುತ್ತಿಗೆಯಲ್ಲಿ ಹೊಡೆದ ನಾಣ್ಯದಲ್ಲಿ ಅವು ಇರುವುದಿಲ್ಲ. ಕರಗಿಸಿ ಹೊಯ್ದದ್ದರಲ್ಲಿ ಇರುತ್ತವೆ. ನಾಣ್ಯ ಹೊರಳಿಸಿ ಅಂಚು ನೋಡಿದ. ಅಂಚಿನ ಸುತ್ತ ಕೂದಲಿನಷ್ಟು ತೆಳ್ಳಗೆ ಒಂದು ಗೆರೆ. ಎರಡು ಅರ್ಧದ ಅಚ್ಚು ಕೂಡಿಸಿ ಎರಕ ಹೊಯ್ದಾಗ ಉಳಿಯುವ ಗೆರೆ. ಕಪಾಟಿಗೆ ಹೋಗಿ ತಕ್ಕಡಿ ತೆಗೆದ. ಅವತ್ತು ತೂಗಿದ ನೋಡಿ! ತೂಕವೂ ಸರಿ ಬರಲಿಲ್ಲ. ಆ ಕಪ್ಪು, ಆ ಹಸಿರು, ಎಲ್ಲ ಯಾರೋ ಆಮ್ಲ ಸವರಿ, ಗೊಬ್ಬರದಲ್ಲಿ ಹೂತಿಟ್ಟು ತರಿಸಿದ ಬಣ್ಣ. ನಾಣ್ಯ ಖೋಟಾ. ಇವಳು ತಿಕ್ಕುವ ಮೊದಲೂ ಖೋಟಾ, ತಿಕ್ಕಿದ ಮೇಲೂ ಖೋಟಾ.

ಹಾರ ಹಾಕಿಸಿಕೊಂಡ ಕೊರಳು ಅದು. ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ. ಪಂಡಿತರು ಬರುತ್ತಾರೆ, ಪೇಪರಿನವರು ಬರುತ್ತಾರೆ.

ಹಿಂದಿನಿಂದ ಹೆಂಡತಿ ಕೇಳಿದಳು, “ಏನಾತ್ರೀ?”

ತಿರುಗಿದ. ಅವನ ಮುಖ ಬಿಳಿಚಿಕೊಂಡದ್ದನ್ನು ಎಲ್ಲರೂ ಕಂಡರು. ಯಾಕೆ ಬಿಳಿಚಿಕೊಂಡಿತು ಎಂಬುದು ಅವನೊಬ್ಬನಿಗೇ ಗೊತ್ತು. ಎದುರಿಗೆ ಸೊಸೆ, ತುಟಿಯ ಮೇಲಿನ ನಗು ಇನ್ನೂ ಪೂರ್ತಿ ಆರಿರಲಿಲ್ಲ.

“ಹಾಳಾತು” ಎಂದ ಸಾಹುಕಾರ. “ಇವಳ ಕೈಯಾಗ ಹಾಳಾತು.”

ಆಯಿತು. ಅಷ್ಟೇ ಅವನು ಮಾಡಿದ ಪಾಪ. ಕೊಲೆ ಮಾಡಲಿಲ್ಲ, ಕನ್ನ ಹಾಕಲಿಲ್ಲ. ಖೋಟಾ ಕೊಂಡವನು ತಾನು, ಆ ತಪ್ಪನ್ನು ಎದುರಿಗೆ ನಿಂತ ಹುಡುಗಿಯ ಕೈಗೆ ದಾಟಿಸಿಬಿಟ್ಟ.

ಅತ್ತೆಯಾದರೂ ‘ತಿಕ್ಕು ಅಂದವಳು ನಾನು’ ಎನ್ನಬಹುದಿತ್ತಲ್ಲ? ಅವಳಿಗೂ ಗಂಡನೆಂದರೆ ಜೀವ ಬಾಯಿಗೆ ಬರುತ್ತದೆ. “ನಾ ನಾಣ್ಯ ತಿಕ್ಕು ಅಂದಿದ್ನೇನು? ತಂಬಿಗಿ ತಿಕ್ಕು ಅಂದಿದ್ದೆ” ಎಂದಳು. ಮಗ? ಅವ್ವ ಕೂಗಿ ಹೇಳಿದ್ದನ್ನು ಅವನು ಕಿವಿಯಾರೆ ಕೇಳಿದ್ದ. ಊಟಕ್ಕೆ ಕೂತು ರೊಟ್ಟಿ ಮುರಿದ, ತಲೆ ಎತ್ತಲಿಲ್ಲ. ಮೂರು ಜನ ದೊಡ್ಡವರು, ಮೂವರಿಗೂ ಅವರವರ ಹೆದರಿಕೆ. ಮೂವರ ಹೆದರಿಕೆಯನ್ನೂ ಹೊರುವುದಕ್ಕೆ ಒಂದು ಹುಡುಗಿ ಸಿಕ್ಕಿದಳು.

ಪಂಡಿತರು ಬಂದರು, ನಾಣ್ಯ ತಿಕ್ಕಿದ ಸುದ್ದಿ ಕೇಳಿದರು. “ತಿಕ್ಕಿದ್ದರೂ ಚಿಂತೆಯಿಲ್ಲ, ಒಮ್ಮೆ ತೋರಿಸಿ” ಎಂದರು. ಸಾಹುಕಾರ ಕೈಮುಗಿದ. “ಬ್ಯಾಡ್ರಿ ಸರ, ಅದನ್ನ ನೋಡಿದ್ರ ನನ್ನ ಹೊಟ್ಟಿ ಉರೀತೈತಿ. ನಮ್ಮ ಸೊಸಿ... ಏನ ಹೇಳಲಿ, ತಿಳಿಯದ ಹುಡುಗಿ.” ಅದೇ ಹೊತ್ತಿಗೆ ಅವಳು ಚಹಾ ತಂದಳು. ಎಲ್ಲರ ಕಣ್ಣೂ ಅವಳ ಕೈಯ ಮೇಲೆ. ಚಹಾದ ಕಪ್ಪು ನಡುಗಿ ಪಂಡಿತರ ಪಂಚೆಯ ಮೇಲೆ ಚೆಲ್ಲಿತು. “ನೋಡಿದ್ರಲ್ರೀ?” ಎಂದ ಸಾಹುಕಾರ. ಪಂಡಿತರು ಅಯ್ಯೋ ಪಾಪ ಎಂದು ಹೊರಟುಹೋದರು. ಅವನ ಮಾನ ಉಳಿಯಿತು.

ಅವಳದ್ದು ಏನಾಯಿತು? ಓಣಿಯಲ್ಲಿ ಹೆಸರು ಬಿತ್ತು, ಕೈ ಸರಿಯಿಲ್ಲದವಳು ಎಂದು. ಅಂಜಿದ ಕೈ ನಡುಗುತ್ತದೆ. ನಡುಗಿದ ಕೈಯಿಂದ ಸಾಮಾನು ಬೀಳುತ್ತದೆ. ಬಿದ್ದರೆ ಬಯ್ಗಳು, ಬಯ್ದರೆ ಮತ್ತೆ ಅಂಜಿಕೆ. ಹಾಲು ಒಡೆದರೆ ಅವಳು ಮುಟ್ಟಿದ್ದಕ್ಕೆ. ದೀಪ ಆರಿದರೆ ಅವಳು ಹಾದುಹೋದದ್ದಕ್ಕೆ. ಒಂದು ದಿನ ಕೂಸಿಗೆ ಎಣ್ಣೆ ಹಚ್ಚಿ ಎರೆಯುವಾಗ ಕೂಸು ಜಾರಿ ಹಣೆ ಊದಿ ಬೋರೆ ಬಂತು. ಅತ್ತೆ ಓಡಿ ಬಂದು ಕಸಿದುಕೊಂಡಳು, “ನೀ ಮುಟ್ಟಬ್ಯಾಡ ಬಿಡವ್ವಾ, ನಾನ ಎರೀತೀನಿ.” ಅವತ್ತಿನಿಂದ ಅವಳು ಕೂಸನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಳು. ಹಾಲು ಕುಡಿಸುವಾಗಲೂ ಅತ್ತೆ ತಂದು ಮಡಿಲಲ್ಲಿ ಮಲಗಿಸಬೇಕು. ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಕೂರುತ್ತಿದ್ದಳು. ಗಂಡ ಕೇಳಿದರೆ ಒಂದೇ ಮಾತು, “ನಾ ಮುಟ್ಟಿದ್ದು ಹಾಳಾಗ್ತೈತ್ರಿ.”

ಸಾಹುಕಾರ ಇದನ್ನೆಲ್ಲ ನೋಡುತ್ತಿದ್ದನೇ? ನೋಡುತ್ತಿದ್ದ. ಕಲ್ಲಿನ ಮನುಷ್ಯನಲ್ಲ ಅವನು, ನಮ್ಮ ನಿಮ್ಮ ಹಾಗೆ ಮನುಷ್ಯ. ನಾಳೆ ಹೇಳಿಬಿಡುತ್ತೇನೆ ಅಂದುಕೊಳ್ಳುವನು. ನಾಳೆ ಯಾರೋ ಬೀಗರು ಬಂದಿರುತ್ತಾರೆ, ಅವರ ಎದುರಿಗೆ ಹೇಗೆ ಹೇಳುವುದು? ಹಬ್ಬ ಮುಗಿಯಲಿ. ಸಂಕ್ರಾಂತಿ ಆಗಲಿ. ದಿನ ಹೋದಷ್ಟೂ ಇನ್ನೊಂದು ಭಯ ಜೊತೆಗೆ ಕೂಡಿತು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ? ಖೋಟಾ ನಾಣ್ಯವನ್ನು ಟ್ರಂಕಿನ ತಳದಲ್ಲಿ ಹಾಕಿ, ಟ್ರಂಕಿನ ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದ. ಭಾನುವಾರ ಬಂದವರನ್ನು ಮೊದಲಿನ ಹಾಗೆ ಬಯ್ಯುವುದನ್ನೂ ಬಿಟ್ಟ.

ಒಂದು ದಿನ ಬೆಳಿಗ್ಗೆ ನಳಕ್ಕೆ ನೀರು ಬಂತು. ನಮ್ಮ ಕಡೆ ನಳ ಬರುವ ದಿನ ಅಂದರೆ ಹೇಗಿರುತ್ತದೆ, ನಿಮಗೆ ಗೊತ್ತಲ್ಲ! ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಬೀದಿಗೆ ಬರುತ್ತಾರೆ. ಸಾಹುಕಾರನ ಅಂಗಳದಲ್ಲಿ ನೆಲದೊಳಗೆ ಆಳದ ನೀರಿನ ಟಾಕಿ. ಮುಚ್ಚಳ ಸರಿಸಿ ಪೈಪು ಇಳಿಬಿಟ್ಟಿದ್ದರು. ಅತ್ತೆ ಹೊರಗೆ ನಳದ ಹತ್ತಿರ ಯಾರೊಂದಿಗೋ ಜಗಳಕ್ಕೆ ನಿಂತಿದ್ದಳು. ಮಗ ಮಾಳಿಗೆಯ ಮೇಲೆ. ಸಾಹುಕಾರ ಕಟ್ಟೆಯ ಮೇಲೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ. ಸೊಸೆ ಟಾಕಿಯಿಂದ ಸ್ವಲ್ಪ ಆಚೆ ಗೋಡೆಗೆ ಒರಗಿ, ಕೈ ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು.

ಕೂಸು ನಡುಮನೆಯಿಂದ ಅಂಬೆಗಾಲಿಡುತ್ತ ಹೊರಬಂತು. ನೀರಿನ ಸಪ್ಪಳ ಕೇಳಿತು, ನಕ್ಕಿತು, ಆ ಕಡೆಗೇ ಹೊರಟಿತು.

“ಹಿಡಿಯವ್ವಾ! ಕೂಸು ಹಿಡಿ!” ಸಾಹುಕಾರ ಕೂಗಿದ.

ಅವಳಿಗೂ ಕಂಡಿತ್ತು. ಅವಳು ಕಿರುಚಿದಳು. ಆದರೆ ಕೈ ಚಾಚಲಿಲ್ಲ. “ಯಾರರ ಬರ್ರೀ! ಮಾವಾರ, ನೀವ ಬರ್ರೀ, ನನ್ನ ಕೈ ಬ್ಯಾಡ್ರೀ!”

ಹೆತ್ತ ತಾಯಿ ಹಿಡಿಯದೆ ಇರುತ್ತಾಳೆಯೇ ಎಂದು ನೀವು ಕೇಳಬಹುದು. ನಾನೂ ಕೇಳುತ್ತೇನೆ. ನಿನ್ನ ಕೈಯೇ ಕೆಟ್ಟದ್ದು ಎಂದು ಮನೆಮಂದಿಯೆಲ್ಲ ದಿನಾ ಹೇಳಿದರೆ, ಒಂದು ದಿನ ಅವಳು ಅದನ್ನು ನಂಬುವುದಿಲ್ಲವೇ? ನಾನು ಮುಟ್ಟಿದರೇ ನನ್ನ ಕೂಸು ಜಾರಿ ಬೀಳುತ್ತದೆ ಎಂದು ನಂಬಿದ್ದಳು ಅವಳು. ಕೂಸಿನ ಮೇಲಿನ ಪ್ರೀತಿಗೇ ಕೈ ಬಿಗಿಹಿಡಿದಿದ್ದಳು.

ಸಾಹುಕಾರ ಎದ್ದ. ಮೊಣಕಾಲು ಕೈಕೊಟ್ಟಿತು, ಕಟ್ಟೆಯಿಂದ ಕೆಳಗೆ ಬಿದ್ದ. ಕೂಸಿನ ಒಂದು ಕೈ ಟಾಕಿಯ ಬಾಯಿಗೆ ಹೋಗಿತ್ತು. ಬಿದ್ದಲ್ಲಿಂದಲೇ, ನೆಲಕ್ಕೆ ಗದ್ದ ಹಚ್ಚಿಕೊಂಡೇ, ಆ ಮನುಷ್ಯ ಒದರಿದ:

“ನಾಣ್ಯ ಖೋಟಾ ಇತ್ತು! ಖೋಟಾ ಇತ್ತವ್ವಾ ಅದು! ನೀ ಏನೂ ಹಾಳ ಮಾಡಿಲ್ಲ, ನಿನ್ನ ಕೈ ಏನೂ ಮಾಡಿಲ್ಲ! ಹಿಡಿ!”

ನಳದ ಹತ್ತಿರ ನಿಂತ ಓಣಿಗೆ ಓಣಿಯೇ ಕೇಳಿಸಿಕೊಂಡಿತು. ಅವಳು ಜಿಗಿದಳು. ಕೂಸಿನ ತಲೆ ಆಗಲೇ ಟಾಕಿಯ ಒಳಕ್ಕೆ ಬಾಗಿತ್ತು. ಒಂದು ಕಾಲು ಸಿಕ್ಕಿತು. ಆ ಕಾಲು ಹಿಡಿದು ಎಳೆದು ಎದೆಗೆ ಅವಚಿಕೊಂಡಳು. ಕೂಸು ಉಳಿಯಿತು.

ಉಸಿರು ಬಿಟ್ಟಿರಾ? ಬಿಡಬೇಡಿ. ಕಥೆ ಮುಗಿದಿಲ್ಲ.

ಎಲ್ಲರೂ ಓಡಿ ಬಂದು ಸುತ್ತ ನಿಂತರು. ಪೈಪಿನ ನೀರು ಸುರಿಯುತ್ತಲೇ ಇತ್ತು, ನಿಲ್ಲಿಸುವುದಕ್ಕೆ ಯಾರಿಗೂ ನೆನಪಾಗಲಿಲ್ಲ. ಅವಳು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ತನ್ನ ಕೈಗಳನ್ನು ಹೊರಳಿಸಿ ಹೊರಳಿಸಿ ನೋಡಿದಳು. ಆಮೇಲೆ ನೆಲದ ಮೇಲೆ ಬಿದ್ದಿದ್ದ ಮಾವನನ್ನು ನೋಡಿದಳು. ಮೆಲ್ಲಗೆ ಕೇಳಿದಳು:

“ಯಾವಾಗ ಗೊತ್ತಾತ್ರಿ ನಿಮಗ?”

ಇಡೀ ಓಣಿ ನಿಂತಿತ್ತು. ಮೊನ್ನೆ ಗೊತ್ತಾಯಿತು ಎನ್ನಬಹುದಿತ್ತು. ಈಗಷ್ಟೇ ನೋಡಿದೆ ಎನ್ನಬಹುದಿತ್ತು. ಅವನ ಗಂಟಲಿನಿಂದ ಆ ಸುಳ್ಳು ಹೊರಡಲಿಲ್ಲ.

“ಅವತ್ತ” ಎಂದ.

ಅವಳು ಎದ್ದು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಮರುದಿನದಿಂದ ಮೊದಲಿನ ಹಾಗೆ ಮನೆಗೆಲಸ ಮಾಡಿದಳು. ತಾನೇ ಕೂಸಿಗೆ ಎರೆದಳು. ಮಾವನಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸಿದಳು, ಮೊಣಕಾಲಿಗೆ ಬಿಸಿ ಎಣ್ಣೆ ಕಾಸಿ ಕೊಟ್ಟಳು. ಒಂದು ಮಾತ್ರ ಮಾಡಲಿಲ್ಲ. ಸಾಹುಕಾರ “ತಾರವ್ವಾ ಇಲ್ಲೆ” ಎಂದು ಎರಡೂ ಕೈ ಚಾಚಿದಾಗ, ಕೂಸನ್ನು ಅವನ ಕೈಗೆ ಕೊಡಲಿಲ್ಲ. ಅವನು ಬದುಕಿರುವ ತನಕ ಕೊಡಲಿಲ್ಲ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಆಗಿನಿಂದ ಸಾಹುಕಾರನ ಕಥೆಗೆ ಚ್ ಚ್ ಅನ್ನುತ್ತಿದ್ದಿರಲ್ಲ, ಈಗ ನನ್ನ ಮುಖ ನೋಡಿ. ಯಾಕೆ ತಲೆ ತಗ್ಗಿಸುತ್ತೀರಿ?

ಖೋಟಾ ಕೊಂಡದ್ದಕ್ಕೆ ದೇವರು ಕೇಳುವುದಿಲ್ಲ. ಮೋಸ ಹೋಗುವುದು ಪಾಪವಲ್ಲ. ವ್ಯಾಪಾರದಲ್ಲಿ ನೀವು ತಪ್ಪಿದಿರಿ, ಮನೆಗೆ ಬಂದು ಹೆಂಡತಿಗೆ ಏನೆಂದಿರಿ? ನಿನ್ನ ಕಾಲ್ಗುಣ ಎಂದಿರಿ. ಮಗನನ್ನು ತಪ್ಪು ಓದಿಗೆ ಹಚ್ಚಿದವರು ನೀವು, ಪರೀಕ್ಷೆ ಕೆಟ್ಟಾಗ ಅವನಿಗೆ ಏನೆಂದಿರಿ? ದಡ್ಡ ಎಂದಿರಿ. ಕೀಲಿಕೈ ಎಲ್ಲಿಟ್ಟಿದ್ದೀರೆಂದು ಮರೆತವರು ನೀವು, ಮನೆಗೆಲಸದವಳ ಕಡೆಗೆ ಯಾಕೆ ನೋಡಿದಿರಿ? ಕೀಲಿಕೈ ಸಂಜೆ ನಿಮ್ಮ ಜೇಬಿನಲ್ಲೇ ಸಿಕ್ಕಿತಲ್ಲ, ಅವಳಿಗೆ ಹೇಳಿದಿರಾ? ಸುಮ್ಮನಿದ್ದಿರಿ. ‘ಏನೋ ಆಯಿತು ಬಿಡು’ ಅಂದಿರಿ. ಅವಳ ಕೈ ಈಗಲೂ ನಡುಗುತ್ತಿದೆ.

ಮತ್ತೆ ಆ ಅತ್ತೆ, ಆ ಮಗ! ನಾನೇನೂ ಮಾಡಿಲ್ಲ ಎಂದು ಕೂತವರೇ, ನಿಮಗೂ ಹೇಳುತ್ತಿದ್ದೇನೆ. ಕಿವಿಯಾರೆ ಕೇಳಿ ರೊಟ್ಟಿ ಮುರಿದಿರಲ್ಲ, ಆ ರೊಟ್ಟಿಯ ಲೆಕ್ಕ ದೇವರ ಹತ್ತಿರ ಇದೆ.

ಇವತ್ತು ಮನೆಗೆ ಹೋಗಿ. ಕಾಲು ತೊಳೆದು ಒಳಗೆ ಕೂರುವ ಮುಂಚೆ ಆ ಒಬ್ಬರನ್ನು ಕರೆಯಿರಿ. ಯಾರನ್ನು ಎಂದು ನಾನು ಹೇಳಬೇಕಿಲ್ಲ, ಆಗಲೇ ಆ ಮುಖ ನಿಮ್ಮ ಕಣ್ಣ ಮುಂದೆ ಬಂದಿದೆ. ‘ತಪ್ಪು ನಿನ್ನದಲ್ಲ, ನನ್ನದು’ ಎನ್ನಿ. ಕೋಣೆಯಲ್ಲಿ ಪಿಸುಗುಟ್ಟಬೇಡಿ. ಯಾರ ಎದುರಿಗೆ ಅವಳನ್ನು ಅಂದಿರೋ, ಅವರ ಎದುರಿಗೇ ಎನ್ನಿ. ಇನ್ನು ಮುಂದೆ ಮನೆಯಲ್ಲಿ ಏನಾದರೂ ಒಡೆದರೆ, ಕೆಟ್ಟರೆ, ಕಳೆದರೆ, ಇನ್ನೊಬ್ಬರ ಕೈ ನೋಡುವ ಮೊದಲು ನಿಮ್ಮ ಕೈ ನೋಡಿಕೊಳ್ಳಿ. ನಾಳೆ ಹೇಳುತ್ತೇನೆ ಅನ್ನಬೇಡಿ. ನಾಳೆ ಹೇಳಿದವನಿಗೂ ಆ ಪ್ರಶ್ನೆ ತಪ್ಪುವುದಿಲ್ಲ, ಯಾವಾಗ ಗೊತ್ತಾಯಿತು ನಿಮಗೆ? ಅವಳು ಕೇಳದಿದ್ದರೆ ಮೇಲಿರುವ ಇನ್ನೊಬ್ಬ ಕೇಳುತ್ತಾನೆ, ಅವನ ಎದುರಿಗೆ ಸುಳ್ಳು ಹೇಳುವ ಗಂಟಲು ನಮಗ್ಯಾರಿಗೂ ಇಲ್ಲ.

ಇವತ್ತು ಮಂಗಳಾರತಿಗೆ ಕಾಯುವುದು ಬೇಡ. ಪ್ರಸಾದ ಇಲ್ಲೇ ಇರುತ್ತದೆ, ಮನೆಯಲ್ಲಿ ಹೇಳಿ ಬಂದವರು ತೆಗೆದುಕೊಳ್ಳಿ. ನಿಮ್ಮ ಅಂಗಳದ ಟಾಕಿಯ ಮುಚ್ಚಳವೂ ತೆರೆದಿದೆ, ಕೂಸು ಎಲ್ಲಿಯವರೆಗೆ ಬಂದಿದೆಯೋ ನನಗೆ ಗೊತ್ತಿಲ್ಲ. ಏಳಿ, ಮನೆಗೆ ಹೋಗಿ.